ಅತ್ತೆಯ ಹರಕೆ, ನನ್ನ ಹೆಗಲು

ಎಡವಟ್ಟುಗಳು ಎಲ್ಲರ ಬದುಕಿನಲ್ಲೂ ಆಗುತ್ತವೆ, ಒಪ್ಪಿಕೊಳ್ಳುತ್ತೇನೆ. ಆದರೆ ಅವು ವರ್ಷ ವರ್ಷವೂ ಅದೇ ಜಾತ್ರೆಗೆ, ಅದೇ ಬೋಟಿನಲ್ಲಿ, ಅದೇ ಮನುಷ್ಯನನ್ನು ಹುಡುಕಿಕೊಂಡು ಬಂದರೆ ಅದಕ್ಕೆ ಏನೆನ್ನಬೇಕು? ಆ ಮನುಷ್ಯ ನಾನೇ ಆದ್ದರಿಂದ ನನಗಂತೂ ತೋಚುತ್ತಿಲ್ಲ.

ನಾನು ಕಾರವಾರ–ಅಂಕೋಲಾ ನಡುವೆ ಓಡುವ ಬಸ್ಸಿನ ಕಂಡಕ್ಟರ್. ಊರು ಕಾರವಾರದ ಪಕ್ಕದ ಕದ್ವಾಡ. ಮನೆಯ ಮುಂದೆ ಗದ್ದೆ, ಹಿತ್ತಲಲ್ಲಿ ಬಾಳೆ. ಹೆಂಡತಿ ಅಂಕೋಲೆಯ ಕೇಣಿಯವಳು, ಮೀನುಗಾರರ ಮನೆಯ ಮಗಳು. ಕಾರವಾರದ ಕಾಲೇಜಿಗೆ ದಿನವೂ ನನ್ನ ಬಸ್ಸಿನಲ್ಲೇ ಬರುತ್ತಿದ್ದಳು. ‘ಪಾಸ್ ತೋರಿಸಿ’ ಎಂದು ಕೇಳುತ್ತ ಕೇಳುತ್ತ ಮದುವೆಯೇ ಆಗಿಹೋಯಿತು. ಗದ್ದೆಯವನಿಗೆ ಮಗಳನ್ನು ಕೊಡಲು ಅತ್ತೆ ಮೊದಲು ಒಪ್ಪಿರಲಿಲ್ಲ. “ನೀರು ಅಂದ್ರೆ ಬಾವಿ ಅಂತ ತಿಳ್ಕಂಡವ್ರು ಅವ್ರು” ಎಂದಿದ್ದರಂತೆ. ಒಪ್ಪಿದ ಮೇಲೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಮದುವೆಯಾದ ವರ್ಷವೇ, ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಹೊಸದರಲ್ಲಿ, ಗಾಳಿ ಎದ್ದು ಭಾವನ ಬೋಟು ಒಂದಿಡೀ ರಾತ್ರಿ ದಡಕ್ಕೆ ಬರಲಿಲ್ಲ. ಭಾವ ಎಂದರೆ ಹೆಂಡತಿಯ ಅಣ್ಣ. ಬೋಟಿನ ತಾಂಡೇಲ, ಚುಕ್ಕಾಣಿ ಹಿಡಿಯುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು, ಬೈಯುವುದು ಎಲ್ಲ ಅವನೇ. ಅವನ ಜೊತೆ ಅವನ ತಮ್ಮಂದಿರೂ ಇದ್ದರು. ಅತ್ತೆ ದಂಡೆಯ ಮೇಲೆ ನಿಂತಿದ್ದರು, ಪಕ್ಕದಲ್ಲಿ ನಾನೂ ನಿಂತಿದ್ದೆ. ಆ ಹೆದರಿಕೆಯನ್ನು ಮಾತ್ರ ನಾನು ತಮಾಷೆ ಮಾಡಲಾರೆ. ಅತ್ತೆ ಕಾರವಾರದ ಎದುರಿನ ನಡುಗಡ್ಡೆಯ ನರಸಿಂಹ ದೇವರಿಗೆ ಕೈ ಮುಗಿದು, “ಮಕ್ಳು ತಿರುಗಿ ಬರ್ಲಿ ದೇವಾ. ನಿನ್ನ ಜಾತ್ರೆಗೆ ನಮ್ಮ ಬೋಟಿನಲ್ಲೇ ಬಂದು, ಅಳಿಯನ ಹಿತ್ಲ ಬಾಳೆಗೊನೆ ಅಳಿಯನ ಕೈಯಲ್ಲೇ ಒಪ್ಪಿಸ್ತೆ” ಎಂದರು.

ಬೆಳಗಾಗುವಾಗ ಬೋಟು ಬಂತು. ಎಲ್ಲರೂ ಅತ್ತರು, ನಾನೂ ಅತ್ತೆ. ಮನೆಗೆ ಹೋಗಿ ಚಹಾ ಕುಡಿಯುವಾಗ ನನಗೆ ಹೊಳೆಯಿತು: ಮಕ್ಕಳು ಅತ್ತೆಯವರು, ಬೋಟು ಅತ್ತೆಯದು, ಆದರೆ ಬಾಳೆ ನನ್ನದು, ಹೆಗಲೂ ನನ್ನದು. ದೇವರ ಜೊತೆ ಮಾತು ಮುಗಿಸುವ ಮೊದಲು ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಅಂದಿನಿಂದ ಆ ಹರಕೆ ತೀರುವವರೆಗೆ ಅತ್ತೆಗೆ ನೆಮ್ಮದಿಯ ನಿದ್ದೆಯಿಲ್ಲ. ಮಕ್ಕಳು ಕಡಲಿಗೆ ಹೋದಾಗಲೆಲ್ಲ ಅವರಿಗೆ ಅದೇ ಚಿಂತೆ. ಕೇಣಿಯಲ್ಲಿ ಮೀನು ಕಡಿಮೆಯಾದರೆ ಎಲ್ಲರ ಕಣ್ಣೂ ನನ್ನ ಮೇಲೆ. ಒಂದು ಬಾಳೆಗೊನೆಯನ್ನು ದೇವರ ಮುಂದಿಡುವುದು ಎಷ್ಟು ಹೊತ್ತಿನ ಕೆಲಸ? ನನಗೆ ವರ್ಷಗಳೇ ಹಿಡಿದವು.

ಸುತ್ತು ದಾರಿ

ಮೊದಲ ವರ್ಷ ನಾನು ಅತ್ತೆಗೆ ಬುದ್ಧಿ ಹೇಳಲು ಹೋದೆ. “ಅತ್ತೆ, ನಮ್ಮ ಕದ್ವಾಡದಿಂದ ಕಾರವಾರ ಕೂಗಳತೆ. ನಾನು ಗೊನೆ ಹಿಡಿದುಕೊಂಡು ಸೀದಾ ಅಲ್ಲಿನ ಬೈತಖೋಲ ಬಂದರಿಗೆ ಬಂದು ನಿಂತಿರುತ್ತೇನೆ. ನೀವು ಬೋಟು ತನ್ನಿ, ಅಲ್ಲೇ ಹತ್ತುತ್ತೇನೆ.”

“ಅದು ಹೆಂಗಾಗ್ತದೆ ಅಳಿಯಂದ್ರೆ? ಬೋಟು ಹೊರಡೂದು ಕೇಣಿಯಿಂದ. ನೀವು ನಡುವೆ ಹತ್ತಿದ್ರೆ ಹರಕೆಯೂ ಅರ್ಧವೇ ಆಯ್ತಲ್ಲ.”

ಜೀವಮಾನವೆಲ್ಲ ‘ಎಲ್ಲಿ ಹತ್ತಿದ್ದು, ಎಲ್ಲಿ ಇಳಿಯುವುದು’ ಎಂದು ಕೇಳುತ್ತ ಬಂದವನಿಗೆ ಈ ವಾದವನ್ನು ಒಪ್ಪದೆ ವಿಧಿಯಿರಲಿಲ್ಲ. ಹೀಗಾಗಿ ನಾನು ಕದ್ವಾಡದಿಂದ ಕಾರವಾರಕ್ಕೆ ಬಂದು, ಕಾರವಾರ ದಾಟಿ ಅಂಕೋಲೆಗೆ ಹೋಗಿ, ಅಲ್ಲಿಂದ ಕೇಣಿಗೆ ಇಳಿದು, ಬೋಟು ಹತ್ತಿ, ಮತ್ತೆ ಕಾರವಾರಕ್ಕೆ ಹೊರಟೆ. ಆ ಗೊನೆ ತಾನು ಎಲ್ಲಿಗೆ ಹೋಗಬೇಕೋ ಆ ಜಾಗವನ್ನು ಬೆಳಿಗ್ಗೆಯೇ ಬಸ್ಸಿನ ಕಿಟಕಿಯಿಂದ ನೋಡಿಯಾಗಿತ್ತು.

ಬೋಟಿಗೆ ಮಾವಿನೆಲೆ, ಚೆಂಡುಹೂವು, ಬಣ್ಣದ ಪತಾಕೆ. ಮೈಕಿನಲ್ಲಿ ಭಜನೆ. ಅಜ್ಜಿಯರು, ಕೂಸುಗಳು, ನೆಂಟರ ನೆಂಟರು. ನೌಕಾನೆಲೆಯ ಬದಿ ಹೋಗುವ ಹಾಗಿಲ್ಲವಾದ್ದರಿಂದ ದೂರದಿಂದ ಸುತ್ತು ಹಾಕಬೇಕು. ಅಲ್ಲಿ ಅಲೆ ಸ್ವಲ್ಪ ಎದ್ದಿತು ನೋಡಿ, ನನ್ನ ಹೊಟ್ಟೆಯೂ ಎದ್ದಿತು. ಬೋಟಿನ ಅಂಚಿಗೆ ಒರಗಿ ತಲೆ ಹೊರಗೆ ಹಾಕಿದವನು ಮತ್ತೆ ಒಳಗೆ ತರಲಿಲ್ಲ. ಹಾಗೇ ನೋಡಿದರೆ ದೂರದ ಹೆದ್ದಾರಿಯಲ್ಲಿ ನನ್ನದೇ ಬಸ್ಸು ಹೋಗುತ್ತಿದೆ! ರಜೆಗೆ ಬದಲಿ ಬಂದ ಕಂಡಕ್ಟರ್ ಅದರಲ್ಲಿ ಆರಾಮಾಗಿ ನಿಂತಿರುತ್ತಾನೆ ಎಂದು ನೆನೆದು ನನಗೆ ಅಳುವೇ ಬಂತು.

ಭಾವ ಚುಕ್ಕಾಣಿಯಿಂದ ಕೂಗಿ ಕೇಳಿದ: “ಭಾವಾ, ಬೋಟಿನಲ್ಲಿ ಎಷ್ಟ್ ಆರಾಮ ಅಲ್ರಾ? ಬಸ್ಸಾಗಿದ್ರೆ ಕಾರವಾರ ಬಂದದ್ದೇ ಗೊತ್ತಾಗ್ತಿರ್ಲಿಲ್ಲ!”

ಮುಂದಿನದೋ ಹಿಂದಿನದೋ

ಅದೇ ವರ್ಷದ ಮಾತು. ನಾನು ತಂದದ್ದು ಎರಡು ಗೊನೆ. ಒಂದು ದೇವರಿಗೆ, ಇನ್ನೊಂದು ಉಪವಾಸ ಹಿಡಿದ ನೆಂಟರಿಗೆ ದಾರಿಯಲ್ಲಿ ತಿನ್ನಲು. ಅಷ್ಟು ಔದಾರ್ಯ ತೋರಿಸಿದ್ದೇ ತಪ್ಪಾಯಿತು. ಒಂದನ್ನು ಬೋಟಿನ ಮುಂದಿನ ಕಂಬಕ್ಕೆ, ಇನ್ನೊಂದನ್ನು ಹಿಂದಿನ ಕಂಬಕ್ಕೆ ಕಟ್ಟಿದರು. ಯಾವುದು ದೇವರದು ಎಂದು ನಾನು ಹೇಳಬೇಕಿತ್ತು. ಆದರೆ ಆ ಹೊತ್ತಿಗೆ ನನ್ನ ತಲೆ ಬೋಟಿನ ಹೊರಗಿತ್ತು.

ಮುಂದೆ ಕೂತವರು, ದೇವರ ಗೊನೆ ಹಿಂದೆ ಅತ್ತೆಯ ಹತ್ತಿರ ಇದೆ ಎಂದುಕೊಂಡರು. ಹಿಂದೆ ಕೂತವರು, ದೇವರ ಗೊನೆ ಎಂದ ಮೇಲೆ ಬೋಟಿನ ಮೂತಿಗೆ ಕಟ್ಟಿರುತ್ತಾರೆ ಎಂದುಕೊಂಡರು. ನಡುವೆ ಎಂಜಿನ್ನಿನ ಸದ್ದು, ಮೇಲೆ ಭಜನೆಯ ಸದ್ದು. ಎರಡೂ ಕಡೆಯವರು ನಿಶ್ಚಿಂತೆಯಿಂದ ತಿಂದರು. ಸಿಪ್ಪೆಯನ್ನು ಕೂಡ ಭಕ್ತಿಯಿಂದ ಕಡಲಿಗೆ ಹಾಕಿದರು.

ಬೈತಖೋಲ ತಲುಪಿ ನಾನು ತಲೆ ಒಳಗೆ ತಂದಾಗ ಮುಂದೆ ಒಂದು ದಂಟು, ಹಿಂದೆ ಒಂದು ದಂಟು. ಅತ್ತೆ ತಲೆಗೆ ಕೈ ಹೊತ್ತು ಕೂತರು. “ಯಾರು ತಿಂದದ್ದು ದೇವರದ್ದ?” ಎಂದು ಗದರಿದರು. ಮುಂದಿನವರು ಹಿಂದಿನವರನ್ನು ತೋರಿಸಿದರು, ಹಿಂದಿನವರು ಮುಂದಿನವರನ್ನು. ಕಾರವಾರದ ಪೇಟೆಯಲ್ಲಿ ಬೇಕಾದಷ್ಟು ಗೊನೆ ಸಿಗುತ್ತದೆ. ಆದರೆ ಹರಕೆ ಇದ್ದದ್ದು ನನ್ನ ಹಿತ್ತಲ ಗೊನೆಗೆ.

ಕೊನೆಗೆ ಹೆಂಡತಿಯ ಸೋದರತ್ತೆ ಎಲ್ಲರನ್ನೂ ಸಮಾಧಾನ ಮಾಡಿದರು: “ಇರ್ಲಿ ಬಿಡ್ರಾ. ಹಣ್ಣು ಬಾಳ ಸಿಹಿ ಇತ್ತು. ಬರೂ ವರ್ಷನೂ ಇದೇ ಜಾತಿದು ತರೂಕೆ ಹೇಳಿ.”

ಹೋಗಲಿ, ರೈಟ್!

ಎರಡನೆಯ ವರ್ಷ ಒಂದೇ ಗೊನೆ. ಅದನ್ನು ಹೆಗಲಿನಿಂದ ಇಳಿಸುವುದೇ ಇಲ್ಲ ಎಂದು ನಿರ್ಧರಿಸಿದ್ದೆ. ವಾಂತಿಯ ಮಾತ್ರೆ ನುಂಗಿದ್ದೆ. ಬೈತಖೋಲದವರೆಗೆ ಎಲ್ಲ ಸುಸೂತ್ರ.

ಈ ಜಾತ್ರೆಯ ದಿನ ಮೀನುಗಾರರು ತಮ್ಮ ಬೋಟಿನಲ್ಲಿ ಊರವರನ್ನೆಲ್ಲ ಪುಕ್ಕಟೆ ನಡುಗಡ್ಡೆಗೆ ಕರೆದೊಯ್ಯುತ್ತಾರೆ. ಕೈ ಮಾಡಿದವರನ್ನು ಬಿಟ್ಟು ಹೋಗುವುದು ಪಾಪ ಎಂಬುದು ನಮ್ಮ ಭಾವನ ನಂಬಿಕೆ. ಆ ದಿನ ಬಂದರಿನಲ್ಲಿ ಕೈ ಮಾಡದವರು ಯಾರೂ ಇರುವುದಿಲ್ಲ. ಬೋಟು ಜೆಟ್ಟಿಗೆ ತಾಗುವ ಮೊದಲೇ ಜನ ಮುಗಿಬಿದ್ದರು. ಒಬ್ಬರ ಮೇಲೆ ಒಬ್ಬರು. ಮಕ್ಕಳು ಕಿರುಚಾಡುತ್ತಿದ್ದವು.

ಇದನ್ನು ನೋಡಿಕೊಂಡು ಸುಮ್ಮನಿರಲು ಕಂಡಕ್ಟರ್ ಆದವನಿಗೆ ಸಾಧ್ಯವೇ? ಗೊನೆಯ ಸಮೇತ ಜೆಟ್ಟಿಗೆ ಜಿಗಿದೆ. “ಒಬ್ಬೊಬ್ಬರೇ ಬನ್ನಿ! ಹೆಂಗಸರು ಮೊದಲು! ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!” ಬೋಟಿಗೆ ಬಾಗಿಲಿಲ್ಲ, ಆದರೂ ಜನ ಕೇಳಿದರು. ಸಾಲು ಆಯಿತು. ಎಲ್ಲರೂ ಕೂತರು. ಕೊನೆಯಲ್ಲಿ ಒಬ್ಬ ಅಜ್ಜ ಉಳಿದಿದ್ದ. ನಾನು ಒಳಗೆ ಇಣುಕಿ ನೋಡಿದೆ, ಅತ್ತೆಯ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಕಂಡಿತು. “ಹತ್ತಿ ಅಜ್ಜಾ, ಇನ್ನೊಬ್ಬರಿಗೆ ಜಾಗ ಇದೆ” ಎಂದು ಕೈ ಹಿಡಿದು ಹತ್ತಿಸಿದೆ. ಜೇಬಿನಿಂದ ಸೀಟಿ ತೆಗೆದು ಎರಡು ಸಲ ಊದಿ, “ಹೋಗಲಿ, ರೈಟ್!” ಎಂದೆ.

ಬೋಟು ಹೋಯಿತು.

ಇಷ್ಟು ವರ್ಷದ ನೌಕರಿಯಲ್ಲಿ ಬಸ್ಸು ನನ್ನನ್ನು ಬಿಟ್ಟು ಹೋದದ್ದಿಲ್ಲ. ನಾನು ಅರಚಿದ್ದು ಎಂಜಿನ್ನಿನ ಸದ್ದಿನಲ್ಲಿ ಭಾವನಿಗೆ ಕೇಳಿಸಲಿಲ್ಲ. ಹೆಂಡತಿ ನೋಡಿದಳು, ನಾನು ಬೇಕೆಂದೇ ಬೇರೆಯವರಿಗೆ ಜಾಗ ಬಿಟ್ಟುಕೊಟ್ಟೆ ಎಂದುಕೊಂಡು ಹೆಮ್ಮೆಯಿಂದ ಕೈ ಬೀಸಿದಳು. ಬೇರೆ ಬೋಟು ಹತ್ತೋಣವೆಂದರೆ ಹರಕೆಯಲ್ಲಿ ‘ನಮ್ಮ ಬೋಟು’ ಎಂದಿದೆ. ನಮ್ಮ ಬೋಟು ವಾಪಸಾಗುವುದು ಸಂಜೆ.

ಜೆಟ್ಟಿಯಲ್ಲಿ ಗೊನೆ ಮುಂದಿಟ್ಟುಕೊಂಡು ಕೂತೆ. ಒಬ್ಬಾಕೆ ಬಂದು ಹಣ್ಣು ಒತ್ತಿ ನೋಡಿ, “ಡಜನಿಗೆ ಹೆಂಗೆ?” ಎಂದರು. ಮಾರಲು ಅಲ್ಲ ಎಂದೆ. “ಮಾರೂಕೆ ಅಲ್ದಿದ್ರೆ ದಾರಿ ಮೇಲೆ ಎಂತಕ್ಕೆ ಇಟ್ಕಂಡ್ ಕೂತಿದ್ರಿ?” ಎಂದು ಬೈದು ಹೋದರು. ಇನ್ನೊಬ್ಬ ಬಂದು, ಇಡೀ ಗೊನೆ ತಗೊಂಡರೆ ಕಡಿಮೆ ಮಾಡ್ತೀರಾ ಎಂದ. ಆಮೇಲೆ ಪೊಲೀಸಿನವರು ಬಂದು, ಇಲ್ಲಿ ಅಂಗಡಿ ಹಾಕುವಂತಿಲ್ಲ, ಎದ್ದೇಳಿ ಎಂದರು. ಗೊನೆ ಹೊತ್ತುಕೊಂಡು ಬಂದರಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ತಿರುಗಿದೆ. ಹೋದಲ್ಲೆಲ್ಲ ಗಿರಾಕಿಗಳು ಹಿಂದೆಯೇ ಬಂದರು.

ಸಂಜೆ ಬೋಟು ಬಂತು. ಎಲ್ಲರಿಗಿಂತ ಮೊದಲು ಇಳಿದವನು ಆ ಅಜ್ಜ. ನನ್ನ ಕೈಗೆ ಚೂರು ಪ್ರಸಾದ ಹಾಕಿ, “ಒಳ್ಳೆ ದರ್ಶನ ಆಯ್ತು ತಮ್ಮಾ. ನೀನೂ ಒಮ್ಮೆ ಹೋಗಿ ಬಾ, ಪುಣ್ಯ ಬೇಕು ಅದಕ್ಕೆಲ್ಲ” ಎಂದ.

ಬಂಗಡೆ

ಮೂರನೆಯ ವರ್ಷ ಅತ್ತೆ ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ನನ್ನ ಸೀಟಿಯನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡರು. ಬೋಟನ್ನು ಸೋಪಿನ ಪುಡಿ ಹಾಕಿ ಉಜ್ಜಿ, ಊದುಬತ್ತಿ ಹಚ್ಚಿ, ಮೀನಿನ ವಾಸನೆ ಇಲ್ಲದಂತೆ ಮಾಡಿದ್ದರು. ಜಾತ್ರೆಗೆ ಹೋಗುವ ದಿನ ಮೀನು ಹಿಡಿಯುವುದಿಲ್ಲ, ಅದು ಆ ಮನೆಯ ಕಟ್ಟುನಿಟ್ಟು. ಮತ್ತೆ ಬಲೆ ಯಾಕೆ ಬೋಟಿನಲ್ಲಿದೆ ಎಂದು ಕೇಳಿದೆ. ಹೆಂಗಸರಿಗೆ ಕೂರಲು ಮೆತ್ತಗಿರಲಿ ಅಂತ, ಎಂದ ಭಾವ.

ಅರ್ಧ ದಾರಿಯಲ್ಲಿ ಹಕ್ಕಿಗಳು ಒಂದೇ ಕಡೆ ಮುತ್ತಿಕೊಂಡು ನೀರಿಗೆ ಬೀಳುತ್ತಿದ್ದವು. ನನಗೆ ಅದು ಹಕ್ಕಿ. ಉಳಿದವರಿಗೆ ಅದು ಬಂಗಡೆಯ ಹಿಂಡು. ಭಜನೆ ತನ್ನಷ್ಟಕ್ಕೆ ನಿಂತಿತು.

“ನಾನು ಆ ಬದಿ ನೋಡೂದಿಲ್ಲ” ಎಂದ ಭಾವ. ನೋಡುವುದಿಲ್ಲ ಎಂದವನ ಬೋಟು ಆ ಬದಿಗೇ ಮೆಲ್ಲಗೆ ತಿರುಗುತ್ತಿತ್ತು.

“ಇವತ್ತು ಬಲೆಗೆ ಕೈ ಹಚ್ಚಿದ್ರೆ ಜೋಕೆ!” ಎಂದು ಅತ್ತೆ ಎದ್ದು ನಿಂತರು. ಎದ್ದು ನಿಂತದ್ದರಿಂದ ಅವರಿಗೂ ನೀರು ಕಂಡಿತು. ನೀರು ಕಪ್ಪಾಗಿ ಕುದಿಯುತ್ತಿತ್ತು. ಆಮೇಲೆ ಮೆತ್ತಗೆ, “ಅಲ್ಲ, ಜಾತ್ರೆಯ ದಿನ ದೇವ್ರೇ ಎದುರಿಗೆ ತಂದು ಇಟ್ಟದ್ದ ಬೇಡ ಅಂದ್ರೆ ಅವನಿಗೆ ಬೇಜಾರಾಗೂದಿಲ್ವಾ?” ಎಂದರು.

ಹೆಂಗಸರು ಕೂತಲ್ಲಿಂದ ಬಲೆ ಎಳೆದುಕೊಂಡ ರಭಸಕ್ಕೆ ಸೋದರತ್ತೆ ಹಿಂದಕ್ಕೆ ಉರುಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಗಂಡಸರು, ಜರಿಯಂಚಿನ ಸೀರೆಯುಟ್ಟ ಹೆಂಗಸರು ಬಲೆ ಎಳೆಯುವುದನ್ನು ನಾನು ಮೊದಲ ಬಾರಿಗೆ ಕಂಡೆ. ಬೋಟು ತುಂಬತೊಡಗಿತು. “ತುಂಬಿತು, ಇನ್ನು ಸಾಕು, ಜಾಗ ಇಲ್ಲ!” ಎಂದು ನಾನು ಅಭ್ಯಾಸಬಲದಿಂದ ಕೂಗಿದೆ. ಬಸ್ಸಿನಲ್ಲೇ ಯಾರೂ ಕೇಳದ ಮಾತು ಅದು. ಮೊಣಕಾಲಿನವರೆಗೆ ಬಂಗಡೆ ಬಂತು. ಗೊನೆ ಎಲ್ಲಿ ಎಂದು ಹುಡುಕಿದರೆ ಅದು ಬಂಗಡೆಯ ಅಡಿಯಲ್ಲಿ ಎಲ್ಲೋ ಇತ್ತು.

ಹಾಗೆ ದೇವರ ಎದುರು ಹೋಗುವುದು ಹೇಗೆ? ಬೈತಖೋಲದಲ್ಲಿ ಮೀನು ಇಳಿಸಿ, ಹರಾಜು ಮುಗಿಸುವಷ್ಟರಲ್ಲಿ ಜಾತ್ರೆ ಮುಗಿದಿತ್ತು. ನಾನು ಒಂದು ಆಸೆಯಿಂದ ಕೇಳಿದೆ: “ಅತ್ತೆ, ದೇವರೇ ಇಷ್ಟೊಂದು ಕೊಟ್ಟಿದ್ದಾನೆ ಎಂದ ಮೇಲೆ ಅವನಿಗೆ ಸಿಟ್ಟಿಲ್ಲ ಅಂತ ಆಯಿತಲ್ಲ. ಹರಕೆ ಬಿಟ್ಟುಬಿಡೋಣವೇ?”

“ಎಂಥ ಮಾತಾಡ್ತ್ರಿ ಅಳಿಯಂದ್ರೆ? ಗೊನೆ ಕೊಡೂಕೆ ಮೊದ್ಲೇ ಇಷ್ಟು ಕೊಟ್ಟ. ಬರೂ ವರ್ಷ ನೀವು ಎರಡು ಗೊನೆ ತನ್ನಿ.”

ಅವರಿಗೂ ಅತ್ತೆ ಇದ್ದರು

ನಾಲ್ಕನೆಯ ವರ್ಷ ಯಾವ ಅಪಾಯವೂ ಬೇಡವೆಂದು ಹಿಂದಿನ ಸಂಜೆಯೇ ಹೊರಟೆವು. ಬಂದರಿಗೆ ಎಲ್ಲರಿಗಿಂತ ಮೊದಲು ನಮ್ಮ ಬೋಟು. ಜೆಟ್ಟಿಗೆ ತಾಗಿಸಿ ಕಟ್ಟಿದ ಭಾವ, “ನೋಡಿ ಭಾವಾ, ಇಳಿಯೂಕೆ ಹತ್ತೂಕೆ ಎಷ್ಟು ಸಲೀಸು” ಎಂದು ಮೀಸೆ ತಿರುವಿದ. ದೀಪ ಹಾಕಿಕೊಂಡ ಬೋಟುಗಳು ಒಂದೊಂದಾಗಿ ಬಂದವು. ಪೇಟೆಯ ತುಂಬ ಜನ, ಬಂದರಿನ ತುಂಬ ಹಾಡು. ಎಲ್ಲರೂ ಖುಷಿಯಾಗಿ ಮಲಗಿದೆವು.

ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಬೋಟಿಗೆ ತಾಗಿ ಒಂದು ಬೋಟು, ಅದಕ್ಕೆ ತಾಗಿ ಇನ್ನೊಂದು, ಅದಕ್ಕೆ ಮತ್ತೊಂದು. ಬಂದರಿನಲ್ಲಿ ಜಾಗ ಸಾಲದಿದ್ದರೆ ಹೀಗೆಯೇ ಸಾಲಾಗಿ ಕಟ್ಟುತ್ತಾರೆ. ಕಟ್ಟಕಡೆಯದು ಬಿಚ್ಚದೆ ಒಳಗಿನದು ಹೊರಡುವಂತಿಲ್ಲ. ಒಳಗಿನವರೆಲ್ಲ ಎಂಜಿನ್ ಹಾಕಿ ಕಾಯುತ್ತಿದ್ದಾರೆ. ಕಡೆಯ ಬೋಟಿನಲ್ಲಿ ಒಂದು ನರಪಿಳ್ಳೆಯಿಲ್ಲ. ಅದರ ತಾಂಡೇಲ ಚಿತ್ತಾಕುಲದಲ್ಲಿರುವ ಹೆಂಡತಿಯ ತವರಿಗೆ ಹೋಗಿದ್ದಾನಂತೆ. ಫೋನು ಹೊಡೆದರೆ ಎತ್ತುವುದಿಲ್ಲ.

“ಭಾವಾ, ಬಸ್ಸಿನ ದಾರಿ ನಿಮಗೆ ಗೊತ್ತಲ್ಲ” ಎಂದರು ಎಲ್ಲರೂ ನನ್ನ ಕಡೆ ತಿರುಗಿ.

ಕಾಳಿ ಸೇತುವೆ ದಾಟಿ ಚಿತ್ತಾಕುಲಕ್ಕೆ ಹೋಗಿ, ಮನೆ ಹುಡುಕಿದೆ. ತಾಂಡೇಲ ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದ. ಬಹಳ ಒಳ್ಳೆಯ ಮನುಷ್ಯ. ವಿಷಯ ಕೇಳಿ ನೊಂದುಕೊಂಡ, ಈಗಲೇ ಹೊರಟೆ ಎಂದ. ಆಗ ಒಳಗಿನಿಂದ ಅವನ ಅತ್ತೆ ಬಂದರು. ಅಳಿಯನನ್ನು ಹುಡುಕಿಕೊಂಡು ಬಂದವರು ಬರಿಹೊಟ್ಟೆಯಲ್ಲಿ ಹೋಗುವುದೆಂದರೇನು? ಬನ್ಸು, ಭಾಜಿ ಬಂತು. ಚಹಾ ಬಂತು. ಹೊರಟೆವು ಎನ್ನುವಾಗ, ಅನ್ನ ಒಲೆಯ ಮೇಲಿದೆ, ಇನ್ನೇನು ಆಯಿತು ಎಂದರು. ನಾನು ಅವಸರ ಪಡಿಸಿದೆ. ತಾಂಡೇಲ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: “ನನಗೇನು, ಈಗ್ಲೇ ಬರ್ತೆ. ಆದ್ರೆ ಇವ್ರು ಬೇಜಾರು ಮಾಡ್ಕಂಡ್ರೆ ವರ್ಷವಿಡೀ ಕೇಳ್ಬೇಕು. ನಿಮಗೂ ಅತ್ತೆ ಇದ್ದಾರಲ್ಲ, ನಿಮಗೆ ಗೊತ್ತಾಗ್ತದೆ.”

ಗೊತ್ತಾಯಿತು. ಕೂತು ಊಟ ಮಾಡಿದೆ.

ಬಂದರಿಗೆ ಬಂದು ಅವನು ಬೋಟು ಬಿಚ್ಚುವ ಹೊತ್ತಿಗೆ, ಇನ್ನು ನಡುಗಡ್ಡೆಗೆ ಯಾರನ್ನೂ ಬಿಡುವುದಿಲ್ಲ ಎಂದು ಪೊಲೀಸರು ಹೇಳಿಯಾಗಿತ್ತು. ತಾಂಡೇಲನ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು. “ಸ್ವಾಮಿ, ನಿಮ್ಮ ದರ್ಶನವೂ ತಪ್ಪಿತಲ್ಲ, ಅದಾದರೂ ಬೇಡವೇ?” ಎಂದೆ.

“ನಮಗೆ ಅರ್ಜೆಂಟಿಲ್ಲ” ಎಂದ ಆ ಒಳ್ಳೆಯ ಮನುಷ್ಯ. “ನಾವು ನಿನ್ನೆನೇ ಹೋಗಿ ಕೈ ಮುಗ್ದು ಬಂದಾಗಿತ್ತು.”

ದೇವರಿಗೆ ಮುಟ್ಟಿತು

ಅಂತೂ ಕಳೆದ ವರ್ಷ ಎಲ್ಲವೂ ಕೂಡಿ ಬಂತು. ಬೋಟಿನಲ್ಲಿ ಬಲೆಯಿಲ್ಲ. ತಿನ್ನಲು ಅವಲಕ್ಕಿ. ಎರಡು ಗೊನೆಗಳನ್ನೂ ಅತ್ತೆ ತಮ್ಮ ಕಾಲ ಬಳಿ ಇಟ್ಟುಕೊಂಡು ದಾರಿಯುದ್ದಕ್ಕೂ ಕಾವಲು ಕೂತರು. ಬೈತಖೋಲದಲ್ಲಿ ನನ್ನನ್ನು ಇಳಿಯಲು ಬಿಡಲಿಲ್ಲ. ನಡುಗಡ್ಡೆಯ ಬಳಿ ದೊಡ್ಡ ಬೋಟು ನಿಲ್ಲಿಸಿ, ಸಣ್ಣ ದೋಣಿಗೆ ಇಳಿದು, ಕಲ್ಲಿನ ಮೇಲೆ ಕಾಲಿಟ್ಟೆ. ಭೂಮಿ ಗಟ್ಟಿಯಾಗಿತ್ತು. ಎರಡು ಹೆಗಲಿಗೆ ಎರಡು ಗೊನೆ ಹೊತ್ತು ಗುಡ್ಡ ಹತ್ತಿದೆ. ಮಂಡಿನೋವಿನ ಅತ್ತೆ ಬೋಟಿನಲ್ಲೇ ಉಳಿದು, ಅಲ್ಲಿಂದಲೇ ಕೈ ಮುಗಿದು ನಿಂತಿದ್ದರು. ತಿರುಗಿ ನೋಡಿದಾಗ ಆ ಪುಟ್ಟ ಆಕೃತಿ ಕಂಡಿತು. ಈ ಸಲ ತಪ್ಪಿಸಬಾರದು ಎಂದುಕೊಂಡೆ.

ಬೋಟಿನ ಹೆಸರು ‘ಸಮುದ್ರಲಕ್ಷ್ಮಿ’. ಅರ್ಚಕರು ಕೇಳಿದ ಕೂಡಲೇ ಹೇಳಬೇಕೆಂದು ಅತ್ತೆ ನನ್ನಿಂದ ಅದನ್ನು ವಾರಗಟ್ಟಲೆ ಉರು ಹೊಡೆಸಿದ್ದರು.

ಗುಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಗೊನೆಗಳ ರಾಶಿ. ಹಿಂದಿನಿಂದ ನೂಕುತ್ತಿದ್ದಾರೆ, ಮುಂದಿನಿಂದ ಬೈಯುತ್ತಿದ್ದಾರೆ. ಅಂತೂ ಅರ್ಚಕರ ಎದುರು ತಲುಪಿದೆ. ಅವರು ಬೆಳಗಿನಿಂದ ನಿಂತು ಸುಸ್ತಾಗಿ, ಕಣ್ಣು ಮುಚ್ಚಿಕೊಂಡೇ, “ಯಾವುದರ ಹೆಸರಿನಲ್ಲಿ? ಬೇಗ ಹೇಳಿ” ಎಂದರು.

ಅದೇ ಗಳಿಗೆಯಲ್ಲಿ ಬೆನ್ನ ಹಿಂದೆ ಒಂದು ಗಂಟಲು: “ಹೋಯ್ ಕಂಡಕ್ಟರೇ! ಬೆಳಗಿನ ಫಸ್ಟ್ ಬಸ್ಸು ಎಲ್ಲೆಲ್ಲಿ ನಿಲ್ತದೆ?”

ಅವನು ನನ್ನ ಬಸ್ಸಿನ ಖಾಯಂ ಗಿರಾಕಿ. ಈ ಪ್ರಶ್ನೆಗೆ ನಾನು ತಲೆ ಉಪಯೋಗಿಸಿ ಉತ್ತರಿಸಿ ಎಷ್ಟೋ ವರ್ಷವಾಯಿತು; ಬಾಯಿ ತಾನೇ ಉತ್ತರಿಸುತ್ತದೆ. “ಬಿಣಗಾ, ಅಮದಳ್ಳಿ, ಅವರ್ಸಾ, ಅಂಕೋಲಾ! ಕಾರವಾರ–ಅಂಕೋಲಾ ಲೋಕಲ್!”

ಬೆಳಗಿನಿಂದ ಎಂತೆಂಥ ಹೆಸರು ಕೇಳಿದ್ದರೋ ಏನೋ, ಅರ್ಚಕರ ಕಣ್ಣು ತೆರೆಯಲಿಲ್ಲ. ನನ್ನ ಎರಡೂ ಗೊನೆಗಳನ್ನು ಮುಟ್ಟಿ, ಎತ್ತರದ ದನಿಯಲ್ಲಿ ಪ್ರಾರ್ಥನೆ ಮಾಡಿಯೇಬಿಟ್ಟರು: “ದೇವಾ, ಬಿಣಗಾ, ಅಮದಳ್ಳಿ, ಅವರ್ಸಾ, ಅಂಕೋಲಾ ಸಂಚಾರ ಮಾಡುವ ಕಾರವಾರ–ಅಂಕೋಲಾ ಲೋಕಲ್ ಎಂಬ ನಿನ್ನ ಮಕ್ಕಳ ಈ ವಾಹನಕ್ಕೆ ಯಾವ ವಿಘ್ನವೂ ಬಾರದಿರಲಿ. ಹೋದಾಗಲೆಲ್ಲ ತುಂಬಿ ಬರಲಿ. ತುಂಬಿ, ಜಾಗ ಸಾಲದೆ ಹೋಗಲಿ!” ಗಂಟೆ ಬಾರಿಸಿದರು.

“ಭಟ್ರೇ, ಅದಲ್ಲ, ಅದು ಬಸ್ಸು...” ಎಂದೆ.

“ದೇವರಿಗೆ ಹೇಳಿಯಾಯಿತು. ವಾಪಸು ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ. ಮುಂದೆ ಹೋಗಿ, ಮುಂದೆ ಹೋಗಿ.” ನನ್ನ ಮಾತನ್ನೇ ನನಗೆ ಹೇಳಿದ ಮೊದಲ ಮನುಷ್ಯ ಅವರು.

ಬೋಟಿಗೆ ಮರಳಿದಾಗ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. “ಒಪ್ಪಿಸಿದ್ರಾ? ನಿಮ್ಮ ಕೈಯಲ್ಲೇ?” ಎಂದರು. ಒಪ್ಪಿಸಿದೆ ಎಂದೆ. “ಇವತ್ತು ನಿದ್ದೆ ಬರ್ತದೆ” ಎಂದು ಕಣ್ಣೊರೆಸಿಕೊಂಡರು. ಆ ಮುಖ ನೋಡಿ ಮಿಕ್ಕಿದ್ದನ್ನು ಹೇಳಲು ಯಾರಿಗೆ ಬಾಯಿ ಬಂದೀತು?

ಮರುವಾರದಿಂದ ಶುರುವಾಯಿತು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕಾಲು ಚಾಚಿ ಕೂರುತ್ತಿದ್ದವನಿಗೆ ನಿಲ್ಲಲು ಜಾಗವಿಲ್ಲ. ಎಲ್ಲಿಂದ ಬರುತ್ತಿದ್ದರೋ ಆ ಜನ! ಬಿಣಗಾದಲ್ಲಿ ಇಳಿದಷ್ಟೂ ಅಮದಳ್ಳಿಯಲ್ಲಿ ಹತ್ತುತ್ತಾರೆ. ಬಾಗಿಲಲ್ಲಿ ಜೋತಾಡುತ್ತಾರೆ. ನನ್ನ ಅಂಗಿಯ ಗುಂಡಿ ಒಂದೂ ಉಳಿಯಲಿಲ್ಲ. ಅತ್ತ ‘ಸಮುದ್ರಲಕ್ಷ್ಮಿ’ಗೆ ಮೀನು ಎಂದಿನಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ.

ಒಂದು ದಿನ ಅತ್ತೆಯೇ ಮೀನಿನ ಬುಟ್ಟಿ ಹಿಡಿದು ಅಂಕೋಲೆಯಲ್ಲಿ ಬಸ್ಸು ಹತ್ತಿದರು. ಅವರಿಗೂ ಒಂಟಿ ಕಾಲಿನ ಜಾಗ. “ಎಂಥ ರಶ್ಶು ಮಾರಾಯ್ರೇ! ಮೊದ್ಲು ಹಿಂಗಿರ್ಲಿಲ್ಲಲ್ಲ?” ಎಂದರು. ಅದೇ ಖಾಯಂ ಗಿರಾಕಿ ಎರಡು ತಲೆಗಳ ಆಚೆಗಿದ್ದ. “ನಿಮ್ಮ ಅಳಿಯಂದ್ರನ್ನೇ ಕೇಳಿ ಅಮ್ಮಾ” ಎಂದು ಶುರುಮಾಡಿ, ನಡುಗಡ್ಡೆಯಲ್ಲಿ ನಡೆದದ್ದನ್ನೆಲ್ಲ ಅಭಿನಯ ಸಮೇತ ಇಡೀ ಬಸ್ಸಿಗೆ ಹೇಳಿದ. ಬಸ್ಸು ಬಿದ್ದು ಬಿದ್ದು ನಕ್ಕಿತು. ಬೀಳಲು ಮಾತ್ರ ಜಾಗವಿರಲಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಅವರ್ಸಾದಿಂದ ಬಿಣಗಾದವರೆಗೆ ಅತ್ತೆ ಬುಟ್ಟಿ ಅಪ್ಪಿಕೊಂಡು ನನ್ನನ್ನೇ ನೋಡುತ್ತ ನಿಂತರು. ನಾನು ಬೆವತುಹೋದೆ. ಆಮೇಲೆ ಅವರು ನನ್ನ ತೋಳು ಹಿಡಿದು ಕೇಳಿದರು: “ಮಕ್ಳು ಬಂದದ್ದಕ್ಕೆ ಗೊನೆ ಕೊಡ್ತೆ ಅಂದಿದ್ದೆ, ಅದು ಮುಟ್ಟಿತು ಅಲ್ದಾ?”

“ಮುಟ್ಟಿತು ಅತ್ತೆ. ಆದರೆ ತುಂಬಿ ಬರಲಿ ಅಂತ ಬೇಡಿಕೊಂಡದ್ದು ಮಾತ್ರ ಬಸ್ಸಿಗೆ ಹೋಯಿತು.”

“ಹೋಗ್ಲಿ ಬಿಡಿ. ಮಕ್ಳು ದಿನಾ ಮನೆಗೆ ಬರ್ತಾರೆ, ನನಗೆ ಅಷ್ಟೇ ಬೇಕಿತ್ತು.” ಎಂದವರೇ ಬಸ್ಸಿಗೆಲ್ಲ ಕೇಳುವಂತೆ ದನಿಯೆತ್ತಿದರು: “ಕೇಳಿದ್ರಾ? ನಮ್ಮ ಅಳಿಯ ಬಾಯಿಬಿಟ್ಟು ಹೇಳಿದ್ರೆ ದೇವ್ರು ಕೇಳೇ ಕೇಳ್ತಾನೆ!”

ನಗು ನಿಂತಿತು. ಜನ ನನ್ನನ್ನು ಬೇರೆ ರೀತಿಯಲ್ಲಿ ನೋಡತೊಡಗಿದರು. ಇಳಿಯುವಾಗ ಕೇಣಿಯ ಇನ್ನೊಬ್ಬ ಬೋಟಿನ ಯಜಮಾನ, ಬರುವ ಜಾತ್ರೆಗೆ ತನ್ನ ಗೊನೆಯನ್ನೂ ನೀವೇ ಹೊರಬೇಕು ಎಂದ. ಮರುದಿನ ಇನ್ನಿಬ್ಬರು ಬಂದರು. ಈಗ ಕೇಣಿಯ ಬೋಟಿನವರೆಲ್ಲ ನನ್ನ ಹೆಗಲನ್ನು ಕಾದಿರಿಸಿಟ್ಟಿದ್ದಾರೆ. ನನ್ನ ಡ್ರೈವರ್ ಕೂಡ ಮಗಳ ಮದುವೆಗೊಂದು ಗೊನೆ ಎಂದು ಹೇಳಿಟ್ಟಿದ್ದಾನೆ.

ಇದು ನನ್ನಿಂದಾಗದ ಕೆಲಸ. ಗದಗದ ಕಡೆಗೆ ವರ್ಗ ಕೇಳಿದ್ದೇನೆ. ಅಲ್ಲಿ ಕಡಲಿಲ್ಲ, ಬೋಟಿಲ್ಲ. ಮೊನ್ನೆ ಕೇಣಿಗೆ ಹೋದಾಗ ಅತ್ತೆಗೆ ಇದನ್ನು ತಿಳಿಸಿದೆ. ಬೇಸರಪಟ್ಟಾರು ಎಂದು ಆ ಊರಿನ ಸುಖವನ್ನೆಲ್ಲ ಬಣ್ಣಿಸಿದೆ. “ಅಲ್ಲಿನ ಹಳ್ಳಿ ರೂಟು ಬಹಳ ಆರಾಮ ಅತ್ತೆ. ಬಸ್ಸು ಪೂರ್ತಿ ಖಾಲಿ ಓಡುತ್ತದಂತೆ.”

ಅತ್ತೆಯ ಮುಖ ಸಪ್ಪಗಾಯಿತು. “ಅಯ್ಯೋ ಪಾಪ, ಖಾಲಿ ಬಸ್ಸಾ?” ಎಂದರು. ನಾನು ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಕಡಲ ಕಡೆಗೆ ತಿರುಗಿ ಎರಡೂ ಕೈ ಜೋಡಿಸಿದರು. “ನೀವು ಹೆದರ್ಬೇಡಿ ಅಳಿಯಂದ್ರೆ. ಈಗ್ಲೇ ಒಂದು ಹರಕೆ ಹೊತ್ಕಂಡ್ ಬಿಡ್ತೆ.”